ಅಗಸಿ ಮುಚ್ಚಿದ ನಾಡಿನಲ್ಲಿ

1824ರ ಸೆಪ್ಟೆಂಬರ್ 12ರಂದು ಧಾರವಾಡದ ಕಲೆಕ್ಟರ್ ಕಚೇರಿಗೆ ಕಿತ್ತೂರಿನಿಂದ ಒಂದು ಪತ್ರ ಬಂತು. ಅದರ ಮೇಲಿದ್ದದ್ದು ಜುಲೈ 10ರ ತಾರೀಖು. ತನಗೆ ಮಕ್ಕಳಿಲ್ಲದ ಕಾರಣ ಮಾಸ್ತಮರಡಿ ಗೌಡರ ಮನೆತನದ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿರುವುದಾಗಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಅದರಲ್ಲಿ ತಿಳಿಸಿದ್ದ. ಪತ್ರ ತಲುಪುವ ಹಿಂದಿನ ದಿನವೇ ದೊರೆ ತೀರಿಹೋಗಿದ್ದ. ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕೆಳಗಿನ ಸಹಿ ನೋಡಿದ, ಇದು ದೊರೆಯ ಕೈಯದಲ್ಲ ಎಂದು ಶಂಕಿಸಿದ. 1585ರಿಂದ ನಡೆದು ಬಂದಿದ್ದ ಒಂದು ಸಂಸ್ಥಾನದ ಹಣೆಬರಹ ಆ ಶಂಕೆಗೆ ಸಿಕ್ಕಿಕೊಂಡಿತು.

ದತ್ತಕ ಒಪ್ಪದೆ ರಾಜ್ಯ ನುಂಗುವ ಆಟಕ್ಕೆ ನಮ್ಮ ಶಾಲೆಯ ಪುಸ್ತಕಗಳು ಡಾಲ್‌ಹೌಸಿಯ ಹೆಸರು ಹಚ್ಚುತ್ತವೆ. ಸಾತಾರ, ಝಾನ್ಸಿ, ನಾಗಪುರ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಡಾಲ್‌ಹೌಸಿ ಹಿಂದೂಸ್ತಾನಕ್ಕೆ ಬಂದದ್ದು 1848ರಲ್ಲಿ. ಅದಕ್ಕೂ 24 ವರ್ಷ ಮೊದಲೇ, ಆ ನೀತಿಗೆ ಒಂದು ಹೆಸರು ಹುಟ್ಟುವ ಮುಂಚೆಯೇ, ಕಿತ್ತೂರಿನಲ್ಲಿ ಅದರ ಪ್ರಯೋಗ ನಡೆದುಹೋಗಿತ್ತು.

ವಸಾಹತು ಕಾಲದ ಗುರುತು ನೋಡಲು ರಜೆ ಬಂದರೆ ನಮ್ಮ ಜನ ಕಡಲ ದಂಡೆಗೆ ಹೊರಡುತ್ತಾರೆ. ಪಣಜಿಯ ಫೊಂತೈನ್ಯಾಸ್ ಓಣಿಗಳಲ್ಲಿ, ಪುದುಚೇರಿಯ ಫ್ರೆಂಚ್ ಕೇರಿಯಲ್ಲಿ ಅಡ್ಡಾಡಿ, ಬಣ್ಣದ ಗೋಡೆಗಳ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಆಳಿದವರು ಅಲ್ಲಿ ಮನೆ ಕಟ್ಟಿ ಸಂಸಾರ ಹೂಡಿದ್ದರು, ಆದ್ದರಿಂದ ಅಲ್ಲಿ ನೋಡುವುದಕ್ಕೆ ಮನೆಗಳಿವೆ. ಕಿತ್ತೂರು, ರಾಮದುರ್ಗದ ಕಡೆಯ ಈ ತೊರಗಲ್ ಸೀಮೆಯಲ್ಲಿ ಅಂಥ ಓಣಿ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರು ಬಂಗಲೆ ಕಟ್ಟಿಕೊಂಡದ್ದು ಬೆಳಗಾವಿಯ ಕ್ಯಾಂಪಿನಲ್ಲಿ, ಧಾರವಾಡದಲ್ಲಿ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಗೆ ಅವರು ಬಂದದ್ದು ಖಜಾನೆಗೆ ಮೊಹರು ಹಾಕಲು, ಹೊಲ ಅಳೆಯಲು, ಆಯುಧ ಕಸಿಯಲು. ಹಾಗಾಗಿ ಇಲ್ಲಿ ವಸಾಹತು ಕಾಲದ ಗುರುತು ನೋಡಬೇಕೆಂದರೆ ಕೋಟೆಯ ಅಗಸಿ, ಸೆರೆಮನೆಯಾದ ಊರು, ನೇಣು ಹಾಕಿದ ಜಾಗ, ಗೋರಿ ಇವೇ ಸಿಗುತ್ತವೆ. ಒಂದೇ ಓಣಿಯಲ್ಲಿ ಮುಗಿಯುವ ನಡಿಗೆ ಇದಲ್ಲ. ಮಲಪ್ರಭೆಯ ಆಚೆ ಈಚೆ ಎರೆ ಹೊಲಗಳ ನಡುವೆ ಊರಿಂದೂರಿಗೆ ಹೋಗಬೇಕು.

ಕಿತ್ತೂರಿನಿಂದಲೇ ಹೊರಡೋಣ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿಗೂ ಧಾರವಾಡಕ್ಕೂ ನಡುವೆ ಸ್ವಲ್ಪ ಒಳಗೆ ತಿರುಗಿದರೆ ಕೋಟೆ. ಸಾಗರ ಸೀಮೆಯಿಂದ ವಿಜಾಪುರದ ದಂಡಿನೊಂದಿಗೆ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಮೊದಲು ನೆಲೆ ನಿಂತದ್ದು ಸಂಪಗಾವಿಯಲ್ಲಿ. ಗಾದಿಯನ್ನು ಕಿತ್ತೂರಿಗೆ ತಂದು ಕೋಟೆ ಕಟ್ಟಿಸಿದವನು ಅವರ ವಂಶದ ಅಲ್ಲಪ್ಪಗೌಡ ಸರದೇಸಾಯಿ, 17ನೆಯ ಶತಮಾನದಲ್ಲಿ. ಕಂದಕ ದಾಟಿ ಒಳಗೆ ಹೋದರೆ ಅರಮನೆಯ ಗೋಡೆಗಳು ಕಾಣುತ್ತವೆ. ಮೇಲೆ ಮಾಳಿಗೆ ಇಲ್ಲ, ಬಿಸಿಲು ನೆಟ್ಟಗೆ ಪಡಸಾಲೆಗೆ ಬೀಳುತ್ತದೆ. ದಪ್ಪ ಗೋಡೆ, ಗೋಡೆಯೊಳಗೆ ದೀಪ ಇಡುವ ಗೂಡು, ಕಮಾನು. ಕಂಬಗಳು ಹೋಗಿವೆ, ಅವು ನಿಂತಿದ್ದ ಕಲ್ಲುಗಳು ಉಳಿದಿವೆ. ಸ್ನಾನದ ಕೋಣೆಗಳಲ್ಲಿ ಕಟ್ಟಿಸಿದ ತೊಟ್ಟಿ, ಬಾವಿಯಿಂದ ಅಲ್ಲಿಗೆ ನೀರು ಹರಿದು ಬರುತ್ತಿದ್ದ ದಾರಿ ಈಗಲೂ ಗುರುತಿಸಬಹುದು. ಒಂದು ಗೋಡೆಯಲ್ಲಿ ಕೊಳವೆ ಕೂಡಿಸಿದ್ದಾರೆ. ಅದಕ್ಕೆ ಕಣ್ಣು ಹಚ್ಚಿದರೆ ರಾತ್ರಿ ಧ್ರುವ ನಕ್ಷತ್ರ ಕಾಣುತ್ತದೆಂದು ತೋರಿಸುತ್ತಾರೆ. ಅರಮನೆ ಹಾಳಾಗಿದೆ ಎಂದು ಮರುಗುವವರು ಆ ಕೊಳವೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಬರೀ ಕತ್ತಿ ತಿರುವುವವರ ಮನೆ ಇದಾಗಿರಲಿಲ್ಲ.

ಕಿತ್ತೂರು ಕಂಪನಿಗೆ ಹಗೆಯಾಗಿ ಹುಟ್ಟಿದ ಸಂಸ್ಥಾನವೂ ಅಲ್ಲ. ಶಿವಲಿಂಗರುದ್ರಸರ್ಜನ ತಂದೆ ಮಲ್ಲಸರ್ಜ ಟಿಪ್ಪುವಿನ ಸೆರೆ ಕಂಡವನು, ಆಮೇಲೆ ಪೇಶ್ವೆಯ ಸೆರೆಯಲ್ಲಿ ನವೆದು 1816ರಲ್ಲಿ ತೀರಿಕೊಂಡವನು. ಪೇಶ್ವೆಯ ಮೇಲಿನ ಆ ನೋವು ಆರಿರಲಿಲ್ಲ. 1818ರಲ್ಲಿ ಬೆಳಗಾವಿಯ ಕೋಟೆ ಹಿಡಿಯಲು ಬಂದ ಥಾಮಸ್ ಮನ್ರೋನ ಪಡೆಗೆ ಕಿತ್ತೂರು ನೆರವಾಯಿತು. ಅದಕ್ಕೆ ಪ್ರತಿಯಾಗಿ ಕಂಪನಿ ಸನದು ಬರೆದುಕೊಟ್ಟಿತು. ಆರು ವರ್ಷ ಕಳೆಯುವಷ್ಟರಲ್ಲಿ ಅದೇ ಕಂಪನಿಯ ಅಧಿಕಾರಿ ದತ್ತಕ ಪತ್ರವನ್ನು ಸುಳ್ಳು ಎಂದ. ಕಿತ್ತೂರಿನವರ ಸಿಟ್ಟಿನ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ಕಷ್ಟಕಾಲಕ್ಕೆ ಜೊತೆ ನಿಂತವರಿಗೆ ಮೋಸವಾದಾಗ ಹುಟ್ಟುವ ಸಿಟ್ಟು ಅದು.

ಥ್ಯಾಕರೆ ಮೇಲಿನವರ ಅಪ್ಪಣೆ ಬರುವ ತನಕವೂ ತಡೆಯಲಿಲ್ಲ. ಖಜಾನೆಗೆ ಮೊಹರು ಹಾಕಿಸಿದ, ಕೋಟೆಯೊಳಗೆ ತನ್ನ ಕಾವಲು ಇರಿಸಿದ, ಖಜಾನೆಯ ಹೊಣೆ ಹೊರುವಂತೆ ಕಿತ್ತೂರಿನ ಮುಖ್ಯಸ್ಥರಿಂದ ಮುಚ್ಚಳಿಕೆ ಕೇಳಿದ. ಅವರು ಬರೆದುಕೊಡಲಿಲ್ಲ. ಮಲ್ಲಸರ್ಜನ ಹೆಂಡತಿ, ಕಾಕತಿ ದೇಸಾಯರ ಮಗಳು ಚೆನ್ನಮ್ಮ ಆಗ ಆಡಳಿತದ ಹಗ್ಗ ಹಿಡಿದಿದ್ದಳು. ಅವಳ ಬೆನ್ನಿಗೆ ಸರದಾರ ಗುರುಸಿದ್ದಪ್ಪ ಇದ್ದ. ಅಕ್ಟೋಬರ್ 23ರ ಬೆಳಿಗ್ಗೆ ಕಿತ್ತೂರಿನವರು ಕೋಟೆಯ ಅಗಸಿ ಮುಚ್ಚಿದರು.

ಬಾಗಿಲು ತೆಗೆಯದಿದ್ದರೆ ತೋಪಿನಿಂದ ಒಡೆಸುತ್ತೇನೆ ಎಂದು ಥ್ಯಾಕರೆ ಹೇಳಿಕಳಿಸಿದ. ತೋಪುಗಳು ಸಜ್ಜಾಗುತ್ತಿದ್ದಂತೆ ಅಗಸಿ ತಾನಾಗಿ ತೆರೆಯಿತು, ಒಳಗಿನಿಂದ ಜನ ನುಗ್ಗಿ ಬಂದರು. ತೋಪುಖಾನೆಯ ಅಧಿಕಾರಿಗಳಾದ ಕ್ಯಾಪ್ಟನ್ ಬ್ಲ್ಯಾಕ್, ಕ್ಯಾಪ್ಟನ್ ಸೀವೆಲ್, ಲೆಫ್ಟಿನೆಂಟ್ ಡೈಟನ್ ಅಲ್ಲೇ ಬಿದ್ದರು. ಥ್ಯಾಕರೆಯೂ ಸತ್ತ. ಗುರಿಯಿಟ್ಟು ಹೊಡೆದವನು ಅಮಟೂರ ಬಾಳಪ್ಪ ಎಂದು ಈ ನಾಡಿನ ಮಕ್ಕಳಿಗೂ ಗೊತ್ತು. ಲಾವಣಿ ಹಾಡುವವರು ಆ ಹೆಸರು ಬಂದಾಗ ದಪ್ಪಿನ ಪೆಟ್ಟು ಜೋರು ಮಾಡುತ್ತಾರೆ.

ಥ್ಯಾಕರೆಯ ಇಬ್ಬರು ಸಹಾಯಕರು, ಸ್ಟೀವನ್ಸನ್ ಮತ್ತು ಎಲಿಯಟ್, ಜೀವಂತ ಸೆರೆಸಿಕ್ಕರು. ವಾಲ್ಟರ್ ಎಲಿಯಟ್‌ಗೆ ಆಗ 21 ವರ್ಷ. ಸುಮಾರು ಆರು ವಾರ ಕಿತ್ತೂರಿನವರ ಕೈಯಲ್ಲಿದ್ದ. ಕೊಲ್ಲಬಹುದಿತ್ತು, ಕೊಲ್ಲಲಿಲ್ಲ. ಮಾತುಕತೆ ಕೂಡಿಬರುವ ಆಸೆಯಿಂದ ಡಿಸೆಂಬರ್ 2ರಂದು ಇಬ್ಬರನ್ನೂ ಬಿಟ್ಟುಕೊಟ್ಟರು. ಮುಂದೆ ಈ ಎಲಿಯಟ್ 1833ರವರೆಗೆ ಇದೇ ಸೀಮೆಯಲ್ಲಿ ನೌಕರಿ ಮಾಡುತ್ತ, ಊರೂರಿನ ಗುಡಿಗಳ ಮುಂದೆ ನಿಂತ ಶಿಲಾಶಾಸನಗಳನ್ನು ನಕಲು ಮಾಡಿಸತೊಡಗಿದ. ಕನ್ನಡನಾಡಿನ 600ರ ಹತ್ತಿರ ಶಾಸನಗಳು ಅವನ ಸಂಗ್ರಹಕ್ಕೆ ಬಂದವು. 1837ರಲ್ಲಿ ಅವುಗಳ ಆಧಾರದ ಮೇಲೆ ಅವನು ಬರೆದ ಪ್ರಬಂಧ ಚಾಲುಕ್ಯರ ವಂಶಾವಳಿಯನ್ನು ವಿದ್ವಾಂಸರ ಮುಂದೆ ಇಟ್ಟಿತು. ಕಲ್ಯಾಣದ ಚಾಲುಕ್ಯರ ಇತಿಹಾಸ ಬರೆಯುವವರು ಇಂದಿಗೂ ಆ ಸಂಗ್ರಹವನ್ನು ನೆನೆಯಬೇಕಾಗುತ್ತದೆ. ಕಿತ್ತೂರಿನ ವಾಡೆಯಲ್ಲಿ ಯಾರೋ ಅಂದು ಆ ಹುಡುಗನ ಪ್ರಾಣ ಉಳಿಸುವ ತೀರ್ಮಾನ ಮಾಡಿದ್ದರು. ಅದರ ಫಲ ಕನ್ನಡಕ್ಕೆ ಬಂತು. ಕಿತ್ತೂರಿನ ಗೆಲುವನ್ನು ಕೊಂಡಾಡುವಾಗ ಈ ಸಂಗತಿಯನ್ನೂ ಅಷ್ಟೇ ಹೆಮ್ಮೆಯಿಂದ ಹೇಳಬೇಕು.

ಒತ್ತೆಯಾಳುಗಳು ಹೊರಬಂದ ಮರುದಿನವೇ ಕಂಪನಿ ಕೋಟೆಯ ಮೇಲೆ ಬಿತ್ತು. ಕರ್ನಲ್ ಡೀಕನ್‌ನ ಕೈಕೆಳಗೆ ದೊಡ್ಡ ದಂಡು, ದಖನ್ನಿನ ಕಮಿಷನರ್ ಚಾಪ್ಲಿನ್ ಖುದ್ದಾಗಿ ಹಾಜರು. ಕಾದಾಟದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಆಗ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋನ ಸಂಬಂಧಿ, ಪ್ರಾಣ ಬಿಟ್ಟ. ಡಿಸೆಂಬರ್ 5ಕ್ಕೆ ಕೋಟೆ ಬಿತ್ತು. ಮದ್ದಿನಲ್ಲಿ ಸಗಣಿ, ಕಾಳು ಬೆರೆಸಿ ಒಳಗಿನವರೇ ದ್ರೋಹ ಮಾಡಿದರು ಎಂಬ ಮಾತನ್ನು ಜನ ಇಂದಿಗೂ ನಿನ್ನೆ ನಡೆದಂತೆ ಹೇಳುತ್ತಾರೆ.

ಬೈಲಹೊಂಗಲಕ್ಕೆ ಬಂದರೆ ಕಥೆಯ ಧ್ವನಿ ಬದಲಾಗುತ್ತದೆ. ಚೆನ್ನಮ್ಮನನ್ನೂ ಸೊಸೆ ವೀರವ್ವನನ್ನೂ ಇಲ್ಲಿನ ಕೋಟೆಯಲ್ಲಿ ಸೆರೆಯಿಟ್ಟರು. ಖಜಾನೆ ಹೋಯಿತು, ಗಾದಿ ಹೋಯಿತು, ಉಳಿದದ್ದು ಕಾವಲಿನವರ ನಡುವೆ ದಿನ ಎಣಿಸುವ ಬದುಕು. ನಾಲ್ಕು ವರ್ಷಕ್ಕೂ ಮೇಲೆ ಹೀಗೆ ಕಳೆದು 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಇಲ್ಲಿಯೇ ಕಣ್ಣು ಮುಚ್ಚಿದಳು. ಅವಳ ಸಮಾಧಿ ಊರೊಳಗೇ ಇದೆ. ಸುತ್ತ ಉದ್ಯಾನ ಮಾಡಿದ್ದಾರೆ. ದೆಹಲಿಯ ಸಂಸತ್ ಭವನದ ಆವರಣದಲ್ಲಿ ಅವಳ ಪ್ರತಿಮೆ ನಿಂತದ್ದು 2007ರ ಸೆಪ್ಟೆಂಬರ್ 11ರಂದು. ಕುದುರೆಯ ಮೇಲೆ ಕತ್ತಿ ಎತ್ತಿದ ಚೆನ್ನಮ್ಮನನ್ನು ಹುಬ್ಬಳ್ಳಿಯ ಚೌಕದಲ್ಲಿ ದಿನಾ ನೋಡುವ ನಾವು, ಬೈಲಹೊಂಗಲದ ಸೆರೆಯಲ್ಲಿದ್ದ ಚೆನ್ನಮ್ಮನನ್ನು ನೆನೆಯುವುದು ಕಡಿಮೆ. ಗೆದ್ದ ದಿನಕ್ಕಿಂತ ಆ ನಾಲ್ಕು ವರ್ಷ ಅವಳ ಗಟ್ಟಿತನವನ್ನು ಹೆಚ್ಚು ಕೇಳಿದ್ದಿರಬೇಕು.

ಕಂಪನಿ ಕಿತ್ತೂರಿನ ಹೆಸರನ್ನೇ ಕಡತದಲ್ಲಿ ಸಣ್ಣದು ಮಾಡಿತು. 1836ರಲ್ಲಿ ಧಾರವಾಡದಿಂದ ಬೆಳಗಾವಿಯನ್ನು ಬೇರೆ ಜಿಲ್ಲೆ ಮಾಡಿದಾಗ ಇಲ್ಲಿನ ತಾಲ್ಲೂಕಿಗೆ ಇದ್ದ ಹೆಸರು ಸಂಪಗಾವಿ, ಸವದತ್ತಿಯ ತಾಲ್ಲೂಕಿಗೆ ಪರಸಗಡ. ರಾಜಧಾನಿಯಾಗಿದ್ದ ಊರು ಒಂದು ಹಳ್ಳಿಯಾಗಿ ಪಟ್ಟಿಯಲ್ಲಿ ಸೇರಿಕೊಂಡಿತು.

ಹೊಲಗಳ ಮೇಲೆ ಬಿದ್ದ ಪೆಟ್ಟು ಇನ್ನೂ ಜೋರು. ಕಿತ್ತೂರಿನ ಕಾಲದಲ್ಲಿ ಶೇತಸನದಿಗಳೆಂಬ ಬಂಟರಿದ್ದರು. ಊರ ಕಾವಲು, ಕಂದಾಯದ ಹಣ ಮುಟ್ಟಿಸುವುದು, ಕರೆ ಬಂದಾಗ ದಂಡಿಗೆ ಹೋಗುವುದು ಅವರ ಕೆಲಸ. ಅದಕ್ಕೆ ಸಂಬಳವಾಗಿ ಹೊಲ. ಕಂಪನಿ ಬಂದ ಮೇಲೆ ಆ ಹೊಲಗಳಲ್ಲಿ ಒಂದಿಷ್ಟು ಜಪ್ತಿಯಾದವು, ಉಳಿದವುಗಳ ಮೇಲೆ ಹೊಸ ಕಂದಾಯ ಬಿತ್ತು. ಸಂಗೊಳ್ಳಿಯ ರಾಯಣ್ಣ ಇಂಥ ಒಬ್ಬ ಶೇತಸನದಿ. ಚೆನ್ನಮ್ಮ ಸತ್ತ ವರ್ಷದ ಕೊನೆಗೆ ಅವನು ಜನ ಕೂಡಿಸತೊಡಗಿದ, ದತ್ತಕ ಹುಡುಗ ಶಿವಲಿಂಗಪ್ಪನ ಹೆಸರಿನಲ್ಲಿ. 1830ರ ಜನವರಿಯಲ್ಲಿ ಬೀಡಿಯ ಕಚೇರಿ ಹೊತ್ತಿ ಉರಿಯಿತು, ಸಂಪಗಾವಿಯ ಕಚೇರಿಯೂ ಉಳಿಯಲಿಲ್ಲ. ಅವನು ಸುಟ್ಟದ್ದು ಕಚೇರಿಗಳನ್ನು ಎಂಬುದನ್ನು ಗಮನಿಸಬೇಕು. ಯಾರ ಹೊಲ ಯಾರದಾಯಿತು, ಯಾವ ಇನಾಮು ಯಾವಾಗ ಹೋಯಿತು ಎಂಬ ಲೆಕ್ಕವೆಲ್ಲ ಅಲ್ಲಿನ ದಫ್ತರಗಳಲ್ಲಿತ್ತು. ಕಿತ್ತೂರನ್ನು ಕಾಗದದಿಂದ ಕಸಿದವರಿಗೆ ರಾಯಣ್ಣ ಕಾಗದ ಸುಟ್ಟೇ ಉತ್ತರ ಕೊಟ್ಟ. ಇದನ್ನು ದರೋಡೆ ಎಂದು ಬರೆದುಕೊಂಡ ಅಧಿಕಾರಿಗಳಿಗೆ ರೈತನ ಲೆಕ್ಕ ತಿಳಿದಿರಲಿಲ್ಲ.

ಏಪ್ರಿಲ್‌ನಲ್ಲಿ ರಾಯಣ್ಣನನ್ನು ಅವನ ಕಡೆಯವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ಖಾನಾಪುರದ ಹತ್ತಿರ ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿಯ ಮೇಲೆ ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಜನ ಹೇಳುವ ಆಲದ ಮರ ಈಗ ಹೆಮ್ಮರ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬುದು ಅವರ ಬೇಡಿಕೆ.

ಧಾರವಾಡದ ಹಳೆಯ ಯುರೋಪಿಯನ್ ಸ್ಮಶಾನದಲ್ಲಿ ಬೇರೆ ಎರಡು ಗೋರಿಗಳಿವೆ, ಥ್ಯಾಕರೆಯದು ಮತ್ತು ಸಬ್ ಕಲೆಕ್ಟರ್ ಮನ್ರೋನದು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಅವಕ್ಕೆ ಜಾಗವಿದೆ. 'ವ್ಯಾನಿಟಿ ಫೇರ್' ಬರೆದ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಈ ಕಲೆಕ್ಟರ್ ಚಿಕ್ಕಪ್ಪ. ಆ ಗೋರಿಗಳನ್ನು ಕಾಯುವುದು ಸರಿಯಾದ ಕೆಲಸವೇ. ಸತ್ತವರ ಮೇಲೆ ಹಗೆ ಸಾಧಿಸುವುದು ನಮ್ಮ ರೀತಿಯಲ್ಲ. ಕಿತ್ತೂರಿಗೆ ಹೋದವರು ಇಲ್ಲಿಗೂ ಬರಬೇಕು. ಅಗಸಿಯ ಒಳಗಿದ್ದವರ ಕಥೆ ಬೈಲಹೊಂಗಲದಲ್ಲಿ ಮುಗಿದರೆ, ಹೊರಗಿದ್ದವರ ಕಥೆ ಮುಗಿದದ್ದು ಈ ಮಣ್ಣಿನಲ್ಲಿ.

ಸವದತ್ತಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಬರುವ ಜನಸಾಗರಕ್ಕೆ ಕಂಪನಿಯ ನೆನಪಿಲ್ಲ, ಇರಬೇಕಾಗಿಯೂ ಇಲ್ಲ. ಇಲ್ಲಿನ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಮಾತ್ರ ನೆನಪಾಗುತ್ತಾನೆ. ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಅವನೇ 1885ರ ಹೊತ್ತಿಗೆ ಕನ್ನಡ ಲಾವಣಿಗಳನ್ನು ಕೂಡಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದ. ಅವುಗಳಲ್ಲಿ ರಾಯಣ್ಣನ ಲಾವಣಿ ಇತ್ತು, ಹಲಗಲಿಯ ಬೇಡರದ್ದಿತ್ತು, ಬೈಲಹೊಂಗಲದ ಸಂಗ್ಯಾನದ್ದೂ ಇತ್ತು. ಗಲ್ಲಿಗೇರಿದವನ ಹೆಸರು ಅರ್ಧ ಶತಮಾನದ ಮೇಲೂ ಹಳ್ಳಿಯ ಬಾಯಲ್ಲಿ ಆಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಲಪ್ರಭೆಯ ಗುಂಟ ಪೂರ್ವಕ್ಕೆ ಹೋದರೆ ರಾಮದುರ್ಗ. ಈ ಊರಿಗೂ ನರಗುಂದಕ್ಕೂ ಒಂದೇ ಭಾವೆ ಮನೆತನದ ಆಳಿಕೆ. 1858ರಲ್ಲಿ ನರಗುಂದದ ಗಾದಿಯ ಮೇಲಿದ್ದವನು ಭಾಸ್ಕರರಾವ್, ಜನರ ಬಾಯಲ್ಲಿ ಬಾಬಾಸಾಹೇಬ. ರಾಮದುರ್ಗದ ದೊರೆ ರಾಮರಾವ್ ಅವನಿಗೆ ಮಲತಾಯಿಯ ಮಗ. ಬಾಬಾಸಾಹೇಬನಿಗೂ ಮಕ್ಕಳಿರಲಿಲ್ಲ, ಅವನಿಗೂ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲ. ಕಿತ್ತೂರಿನ ಕಥೆ 34 ವರ್ಷದ ಮೇಲೆ ಅದೇ ಮೊದಲ ಸಾಲಿನಿಂದ ಮತ್ತೆ ಶುರುವಾಯಿತು. ನಡುವೆ 1852ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ನು ಮನೆಮನೆಯ ಸನದು ಕೇಳಿ, ಪುರಾವೆ ಸಾಲದೆಂದು ತಲೆಮಾರುಗಳ ಉಂಬಳಿ ಕಿತ್ತುಕೊಂಡಿತ್ತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂತು. ಹಲಗಲಿಯ ಬೇಡರು ಅದಕ್ಕೆ ಸಿಡಿದೆದ್ದು ನೆಲಕಚ್ಚಿದ್ದರು.

ಇಂಥ ಹೊತ್ತಿನಲ್ಲಿ ಹೊಸ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ನರಗುಂದದ ಕಡೆ ಹೊರಟ. ಮೇ 29ರಂದು ರಾಮದುರ್ಗ ಮುಟ್ಟಿದಾಗ ರಾಮರಾವ್ ಬೇಡವೆಂದ. ಅಣ್ಣನ ಮನಸ್ಸು ಕೆಟ್ಟಿದೆ, ಹೋಗಬೇಡಿ ಎಂದ. ಮ್ಯಾನ್ಸನ್ ಕೇಳದೆ ಪಲ್ಲಕ್ಕಿ ಏರಿ ಸುರೇಬಾನಕ್ಕೆ ಬಂದು ರಾತ್ರಿ ಅಲ್ಲೇ ತಂಗಿದ. ಇಂದು ಶಬರಿಕೊಳ್ಳಕ್ಕೆ ಹೋಗುವವರು ದಾಟುವ ಸುರೇಬಾನ ಅದು. ಬಾಬಾಸಾಹೇಬ ಕುದುರೆ ದಂಡಿನೊಂದಿಗೆ ಆ ರಾತ್ರಿ ಮೇಲೆ ಬಿದ್ದ. ಎಚ್ಚರಾದ ಮ್ಯಾನ್ಸನ್ ಪಿಸ್ತೂಲು ಹಾರಿಸಿ ಒಬ್ಬನನ್ನು ಗಾಯಗೊಳಿಸಿದ. ಅಷ್ಟರಲ್ಲೇ ಅವನನ್ನು ಕೊಂದರು. ತಲೆಯನ್ನು ನರಗುಂದಕ್ಕೆ ಒಯ್ದು ಅಗಸಿಗೆ ತೂಗುಹಾಕಿದರು.

ಕರ್ನಲ್ ಮಾಲ್ಕಮ್‌ನ ಪಡೆ ಬಂದ ಮೇಲೆ ನರಗುಂದದ ಕೋಟೆ ಬಹಳ ಹೊತ್ತು ತಾಳಲಿಲ್ಲ. ಬಾಬಾಸಾಹೇಬ ರಾತ್ರಿಯಲ್ಲಿ ತಪ್ಪಿಸಿಕೊಂಡು ತೊರಗಲ್ಲಿನ ಅಡವಿ ಸೇರಿದ. ಪಂಢರಪುರಕ್ಕೆ ಹೊರಟ ಯಾತ್ರಿಕರ ವೇಷದಲ್ಲಿದ್ದ ಅವನನ್ನೂ ಸಂಗಡಿಗರನ್ನೂ ಪೊಲೀಸ್ ಅಧಿಕಾರಿ ಫ್ರ್ಯಾಂಕ್ ಸೂಟರ್ ಜೂನ್ 2ರಂದು ಹಿಡಿದ. ಹತ್ತು ದಿನಗಳ ಮೇಲೆ, ಜೂನ್ 12ರಂದು, ಬೆಳಗಾವಿಯಲ್ಲಿ ಗಲ್ಲು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರು. ಸಾವಿರಾರು ಗ್ರಂಥಗಳಿದ್ದ ಅವನ ಪುಸ್ತಕ ಭಂಡಾರ ಹಾಳಾಯಿತು. ಈ ಕಥೆಯಲ್ಲಿ ನನಗೆ ತಡೆಯಲಾಗದ ನಷ್ಟ ಅದು. ನರಗುಂದವನ್ನು ಸರ್ಕಾರ ನುಂಗಿತು. ಎಚ್ಚರಿಕೆ ಹೇಳಿದ ತಮ್ಮನ ರಾಮದುರ್ಗ ಸಂಸ್ಥಾನವಾಗಿಯೇ 1948ರ ತನಕ ಉಳಿಯಿತು. ಹಾಗೆ ಉಳಿದ ರಾಮದುರ್ಗದಲ್ಲೂ ತೆರಿಗೆಯ ಭಾರಕ್ಕೆ ರೈತರು ಎದ್ದರು. 1939ರ ಏಪ್ರಿಲ್ 7ರಂದು ಜನ ಸೆರೆಮನೆಗೆ ನುಗ್ಗಿದರು, ಎರಡೂ ಕಡೆ ಹೆಣ ಬಿದ್ದವು.

ಬಾಬಾಸಾಹೇಬ ಅಡವಿ ಸೇರಿದ್ದ ಆ ತೊರಗಲ್ಲು ಈಗ ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿ. ತೊರಗಲೆ ಆರು ಸಾವಿರವೆಂದು ರಾಷ್ಟ್ರಕೂಟ, ಚಾಲುಕ್ಯರ ಕಾಲದಲ್ಲಿ ಒಂದು ನಾಡಿಗೇ ಹೆಸರು ಕೊಟ್ಟ ಊರು. ಕೋಟೆ ಇದೆ, ಭೂತನಾಥನ ಗುಡಿ ಇದೆ. ಗುಡಿಯ ಶಾಸನ 12ನೆಯ ಶತಮಾನದ ಕೊನೆಯದು. ಕಂಪನಿಯ ಕಾಲದಲ್ಲಿ ಇದು ಕೊಲ್ಲಾಪುರಕ್ಕೆ ಸೇರಿದ ಶಿಂದೆ ಮನೆತನದ ಜಹಗೀರು.

ಈ ಸೀಮೆಯ ಕಂಪನಿ ಕಾಲದ ಜಗಳವೆಲ್ಲ ಕಾಗದದ ಮೇಲೆ ನಡೆಯಿತು. ದತ್ತಕ ಪತ್ರ, ಸನದು, ಮುಚ್ಚಳಿಕೆ, ಇನಾಂ ಕಮಿಷನ್ನಿನ ನೋಟೀಸು. ಕಂಪನಿಯ ಕಡೆಯ ಕಾಗದಗಳು ಮುಂಬಯಿ, ಪುಣೆ, ಲಂಡನ್ನಿನ ದಫ್ತರಖಾನೆಗಳಲ್ಲಿ ಜೋಪಾನವಾಗಿವೆ. ನಮ್ಮ ಕಡೆಯ ಕಾಗದಗಳು ಎಲ್ಲಿವೆ? ಗೌಡರ, ದೇಸಾಯರ, ಕುಲಕರ್ಣಿಗಳ, ಶೇತಸನದಿಗಳ ಮನೆಯ ಅಟ್ಟದ ಮೇಲೆ, ಮೋಡಿ ಲಿಪಿಯಲ್ಲಿ ಬರೆದ ಬಿಡಿ ಹಾಳೆಗಳಾಗಿ, ಗೆದ್ದಲಿಗೆ ಆಹಾರವಾಗುತ್ತಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓದುಗರೇ, ಹಳೆ ಮನೆ ಕೆಡವುವಾಗ ಅಂಥ ಗಂಟು ಸಿಕ್ಕರೆ ಒಲೆಗೆ ಹಾಕಬೇಡಿ, ಹೊಳೆಗೆ ಬಿಡಬೇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಇದೆ. ಓದಲು ಬಾರದಿದ್ದರೂ ಪರವಾಗಿಲ್ಲ, ಒಯ್ದು ತೋರಿಸಿ.